ಮಳೆ ಬಂದಿದ್ದಕ್ಕೆ ಸಾಕ್ಷಿ ಯಾರು?

ನಮ್ಮ ಮನೆಗೆ ಕೋರ್ಟು ಹೊಸದೇನಲ್ಲ. ತೀರ್ಥಹಳ್ಳಿ ಕಡೆಯ ಯಾವ ಅಡಿಕೆ ತೋಟದ ಮನೆಗೂ ಹೊಸದಲ್ಲ ಬಿಡಿ. ಅಜ್ಜ ಗೇಣಿದಾರ. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಏಳನೇ ನಂಬರ್ ಫಾರಂ ತುಂಬಿ, ಡಿಕ್ಲರೇಷನ್ ಹಾಕಿ, ಭೂ ನ್ಯಾಯಮಂಡಳಿಗೆ ವರ್ಷಗಟ್ಟಲೆ ಅಲೆದು ಎರಡೂವರೆ ಎಕರೆ ತೋಟವನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಅಪ್ಪನ ಕಾಲಕ್ಕೆ ಬಂದದ್ದು ಬೇಲಿ ಜಗಳ, ಆಮೇಲೆ ಹಳ್ಳದ ನೀರಿನ ಜಗಳ. ಅವೆಲ್ಲ ಅರ್ಥವಾಗುವ ಜಗಳಗಳು. ನೆಲ ಯಾರದು, ನೀರು ಯಾರದು ಅಷ್ಟೇ ಪ್ರಶ್ನೆ. ಎದುರಾಳಿ ಯಾರು ಅಂತಲೂ ಗೊತ್ತಿರುತ್ತಿತ್ತು. ಮದುವೆ ಮನೇಲಿ ಸಿಕ್ಕರೆ ಮುಖ ತಿರುಗಿಸಿ ಕೂರಬಹುದಿತ್ತು.

ಈಗ ನಡೀತಿರೋ ಕೇಸು ಹಾಗಲ್ಲ. ಇದು ಮಳೆ ಬಂತೋ ಇಲ್ಲವೋ ಅನ್ನೋದರ ಕೇಸು.

ನಗಬೇಡಿ. ಆಗುಂಬೆ ಹತ್ತಿರದ ಊರಲ್ಲಿ ಮಳೆ ಬಂತು ಅಂತ ಸಾಬೀತು ಮಾಡೋಕೆ ವಕೀಲರನ್ನ ಇಟ್ಟುಕೊಳ್ಳಬೇಕಾ ಅಂತ ನನ್ನ ಆಫೀಸಿನಲ್ಲೂ ಎಲ್ಲರೂ ನಕ್ಕರು. ಆದರೆ ಕಥೆ ಪೂರ್ತಿ ಕೇಳಿದ ಮೇಲೆ ಇಬ್ಬರು ಮೂವರು ತಮ್ಮ ತಮ್ಮ ಊರಿನದ್ದೂ ಹೇಳಲು ಶುರು ಮಾಡಿದರು.

ಹವಾಮಾನ ಆಧಾರಿತ ಬೆಳೆ ವಿಮೆ ಅಂತ ಒಂದಿದೆ. 2016ರಲ್ಲಿ ಫಸಲ್ ಬಿಮಾ ಯೋಜನೆಯ ಜೊತೆಗೇ ಹೊಸ ರೂಪದಲ್ಲಿ ಬಂದದ್ದು. ನಮ್ಮ ಕಡೆ ಅಡಿಕೆಗೆ, ಕಾಳುಮೆಣಸಿಗೆ ಇದನ್ನೇ ಮಾಡಿಸುತ್ತಾರೆ. ಅಡಿಕೆಗೆ ಒಂದು ಹೆಕ್ಟೇರಿಗೆ ವಿಮಾ ಮೊತ್ತ 1,28,000 ರೂಪಾಯಿ. ರೈತ ಕಟ್ಟಬೇಕಾದ್ದು ಅದರ ಶೇ. 5, ಅಂದರೆ 6,400. ಉಳಿದ ಕಂತನ್ನು ರಾಜ್ಯ, ಕೇಂದ್ರ ಎರಡೂ ಸೇರಿ ಕಟ್ಟುತ್ತವೆ. ನಮ್ಮ ಎರಡೂವರೆ ಎಕರೆ ಹೆಚ್ಚೂಕಡಿಮೆ ಒಂದು ಹೆಕ್ಟೇರೇ. ಅಪ್ಪ ಪ್ರತಿ ವರ್ಷ ಪಹಣಿ, ಆಧಾರ್ ಹಿಡಿದು ಸೊಸೈಟಿಗೆ ಹೋಗಿ ದುಡ್ಡು ಕಟ್ಟಿ, ರಸೀದಿಯನ್ನು ಪಂಚಾಂಗದೊಳಗೆ ಇಡುತ್ತಾರೆ.

ಇದರ ವಿಶೇಷ ಏನೆಂದರೆ, ಬೆಳೆ ಹಾಳಾಯಿತಾ ಅಂತ ನೋಡಲು ಯಾರೂ ತೋಟಕ್ಕೆ ಬರೋದಿಲ್ಲ. ಬರಬೇಕಾಗೂ ಇಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಒಂದು ಮಳೆಮಾಪಕ ಇರುತ್ತದೆ. ತಾನೇ ಅಳೆದು ತಾನೇ ಲೆಕ್ಕ ಕಳಿಸುವ ಯಂತ್ರ. ಇಷ್ಟು ದಿನ ಬಿಡದೆ ಇಷ್ಟು ಮಿಲಿಮೀಟರ್ ಸುರಿದರೆ ಇಷ್ಟು ಹಣ, ಅದಕ್ಕಿಂತ ಹೆಚ್ಚಾದರೆ ಇಷ್ಟು ಅಂತ ಒಂದು ಪಟ್ಟಿ. ಯಂತ್ರದ ಅಂಕಿಯನ್ನು ಪಟ್ಟಿಗೆ ಹೊಂದಿಸಿದರೆ ಪರಿಹಾರದ ಮೊತ್ತ ಬರುತ್ತದೆ. ನಿಮ್ಮ ತೋಟದಲ್ಲಿ ಒಂದು ಕಾಯಿಯೂ ಉದುರದೆ ಇದ್ದರೂ ಯಂತ್ರ ಹೇಳಿದರೆ ದುಡ್ಡು ಬರುತ್ತೆ. ಇಡೀ ತೋಟ ಕೊಳೆತರೂ ಯಂತ್ರ ಹೇಳದಿದ್ದರೆ ಇಲ್ಲ. ಯೋಚಿಸಿದರೆ ಇದು ಕೆಟ್ಟ ಏರ್ಪಾಡೇನಲ್ಲ. ನಷ್ಟ ಬರೆಯಲು ಬಂದವರಿಗೆ ಕಾಫಿ ಕೊಟ್ಟು, ಕೈ ಬಿಸಿ ಮಾಡುವ ಹಳೆಯ ಪದ್ಧತಿಗಿಂತ ಚೆನ್ನಾಗಿಯೇ ಇದೆ. ಯಂತ್ರ ಸರಿಯಿದ್ದರೆ.

2022ರ ಜುಲೈ. ಮಳೆ ಹಿಡಿದದ್ದು ಬಿಡಲೇ ಇಲ್ಲ. ಅಡಿಕೆಯವರಿಗೆ ಮಳೆಗಾಲದಲ್ಲಿ ಬೇಕಾದ್ದು ಎರಡು ದಿನದ ಹೊಳವು. ಆ ಬಿಡುವಿನಲ್ಲಿ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಮಾಡಿ ಪ್ರತಿ ಗೊನೆಗೂ ತಾಗುವಂತೆ ಹೊಡೆಯಬೇಕು. ಇಲ್ಲದಿದ್ದರೆ ಕೊಳೆ ರೋಗ ಹಿಡಿಯುತ್ತದೆ. ಹಸಿ ಕಾಯಿ ನೀರಾಗಿ, ಬೂಸಲು ಹಿಡಿದು, ಪಟಪಟ ಅಂತ ಬುಡಕ್ಕೆ ಬೀಳುತ್ತದೆ. ಆ ವರ್ಷ ಹೊಳವು ಸಿಗಲಿಲ್ಲ. ಮರ ಹತ್ತುವವರು ಮೂರು ಸಲ ಬಂದು ಕಾಫಿ ಕುಡಿದು ವಾಪಸ್ ಹೋದರು. ಜಾರುವ ಮರಕ್ಕೆ ಯಾರನ್ನು ಹತ್ತಿಸೋದು? ಮಳೆ ಪೂರ್ತಿ ನಿಲ್ಲುವ ಹೊತ್ತಿಗೆ ಅರ್ಧಕ್ಕರ್ಧ ಕಾಯಿ ನೆಲದಲ್ಲಿತ್ತು. ಅಮ್ಮ ಅದನ್ನು ಗುಡಿಸಿ ಗುಡ್ಡೆ ಹಾಕಿ ಸುಡಲು ನೋಡಿದರೆ ಅದೂ ಹೊತ್ತಿಕೊಳ್ಳಲಿಲ್ಲ.

ಪರಿಹಾರ ಬಂದಾಗ ಹಳ್ಳದ ಆಚೆಗಿನ ಪಂಚಾಯಿತಿಯವರಿಗೆ ಎಕರೆಗೆ ಇಪ್ಪತ್ತು ಸಾವಿರದ ಮೇಲೆ ಸಿಕ್ಕಿತು. ನಮಗೆ ಎಕರೆಗೆ ನಾಲ್ಕು ಸಾವಿರವೂ ದಾಟಲಿಲ್ಲ. ಹಳ್ಳದ ಅಗಲ ಹೆಚ್ಚೆಂದರೆ ಇಪ್ಪತ್ತಡಿ.

"ಮೋಡ ಸಂಕದ ಹತ್ರ ಬಂದು, ಪಂಚಾಯ್ತಿ ಗಡಿ ನೋಡ್ಕಂಡು ವಾಪಸ್ ಹೋಯ್ತಂತಾ?" ಅಂತ ಅಪ್ಪ ಫೋನಿನಲ್ಲಿ ಕೇಳಿದರು. ಅವರು ಸಿಟ್ಟು ಮಾಡಿಕೊಳ್ಳೋದು ಕಡಿಮೆ. ಸಿಟ್ಟು ಬಂದರೆ ಹೀಗೆ ತಮಾಷೆ ಮಾಡ್ತಾರೆ.

ದೊಡ್ಡಪ್ಪನ ಮಗ ಶಿವಮೊಗ್ಗದಲ್ಲಿ ವಕೀಲ. ಅಣ್ಣ ಮೊದಲು ಮಾಡಿದ ಕೆಲಸ ಅಂದರೆ ಆರ್‌ಟಿಐ ಅರ್ಜಿ ಹಾಕಿ ಆ ತಿಂಗಳ ಮಳೆಯ ದಿನವಾರು ಲೆಕ್ಕ ತರಿಸಿದ್ದು. ನಮ್ಮ ಪಂಚಾಯಿತಿಯ ಮಾಪಕದ ಕಾಲಂನಲ್ಲಿ ಜುಲೈ ತಿಂಗಳ ಒಂಬತ್ತು ದಿನ ಸೊನ್ನೆ ಇತ್ತು. ಬರೀ ಸೊನ್ನೆ. ಸುತ್ತಲಿನ ಎಲ್ಲ ಕಾಲಂಗಳಲ್ಲೂ ಮೂರಂಕಿ. ಯಂತ್ರ ಕೆಟ್ಟಿತ್ತೋ, ಬ್ಯಾಟರಿ ಹೋಗಿತ್ತೋ, ಮೇಲೆ ಬಾಗಿದ್ದ ಹಲಸಿನ ಮರದ ಎಲೆ ಬಿದ್ದು ಕಟ್ಟಿಕೊಂಡಿತ್ತೋ, ಇವತ್ತಿಗೂ ಗೊತ್ತಿಲ್ಲ. ವಿಮಾ ಕಂಪನಿಯ ಉತ್ತರ ಚುಟುಕಾಗಿತ್ತು: ಒಪ್ಪಂದದ ಪ್ರಕಾರ ಸೂಚಿತ ಮಾಪಕದ ಅಂಕಿಯೇ ಅಂತಿಮ.

ಅಂಕಿ ಅಂತಿಮ ಸರಿ. ಆದರೆ ಆ ಒಂಬತ್ತು ದಿನದಲ್ಲಿ ನಾಲ್ಕು ದಿನ ತಾಲ್ಲೂಕಿನ ಶಾಲೆಗಳಿಗೆ ಮಳೆಯ ಕಾರಣಕ್ಕೇ ರಜೆ ಕೊಟ್ಟಿದ್ದರು! ಅಣ್ಣ ಆ ರಜೆಯ ಆದೇಶದ ಪ್ರತಿ ತೆಗೆಸಿದ. ನಮ್ಮೂರ ಪ್ರೈಮರಿ ಶಾಲೆಯ ಹಾಜರಿ ಪುಸ್ತಕದ ಪ್ರತಿ ತೆಗೆಸಿದ. ಸೊಸೈಟಿಯಲ್ಲಿ ಆ ತಿಂಗಳು ಎಷ್ಟು ಮೈಲುತುತ್ತ ಮಾರಾಟವಾಯಿತು ಅನ್ನೋದರ ಬಿಲ್ಲು, ಕರೆಂಟ್ ಕಂಬ ಬಿದ್ದ ದೂರಿನ ನಂಬರ್, ಅಪ್ಪನ ಫೋನಿನಲ್ಲಿ ಉಳಿದಿದ್ದ ಮೂರು ವಿಡಿಯೋ, ಎಲ್ಲವನ್ನೂ ಸೇರಿಸಿ ಕಡತ ಮಾಡಿದ. ಮೊದಲು ಜಿಲ್ಲಾ ಮಟ್ಟದ ಕುಂದುಕೊರತೆ ಸಮಿತಿಗೆ ಅರ್ಜಿ, ಆಮೇಲೆ ಗ್ರಾಹಕರ ಆಯೋಗಕ್ಕೆ ದೂರು.

ಇಲ್ಲಿ ಒಂದು ಮಾತು. ನಿಮ್ಮ ಮನೆಯಲ್ಲೂ ಇಂಥದ್ದು ಇದ್ದರೆ ಅವಧಿ ನೆನಪಿರಲಿ. ಗ್ರಾಹಕರ ಆಯೋಗಕ್ಕೆ ಹೋಗಲು ತಕರಾರು ಹುಟ್ಟಿದ ದಿನದಿಂದ ಎರಡು ವರ್ಷ ಸಮಯ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಆಯೋಗದ ಶುಲ್ಕ ಇಲ್ಲ. ಆನ್‌ಲೈನಿನಲ್ಲೂ ದೂರು ಕೊಡಬಹುದು. ವಿಮೆಯ ಸ್ಥಿತಿಯನ್ನು ರಾಜ್ಯದ ಸಂರಕ್ಷಣೆ ಪೋರ್ಟಲಿನಲ್ಲಿ ನೋಡಬಹುದು. ಅಪ್ಪಂದಿರು ಇದನ್ನೆಲ್ಲ ಮಾಡೋದಿಲ್ಲ, ನಾವೇ ಮಾಡಬೇಕು. ಬೆಂಗಳೂರಿನಲ್ಲಿ ಕೂತು ಊರಿಗೆ ಮಾಡಬಹುದಾದ ಕೆಲವೇ ಕೆಲಸಗಳಲ್ಲಿ ಇದೊಂದು.

ಆಯೋಗದಲ್ಲಿ ನಾನೂ ಒಂದು ಸಲ ಹೋಗಿ ಕೂತಿದ್ದೆ. ಎದುರು ಪಕ್ಷದ ವಕೀಲರು ಬಹಳ ಮರ್ಯಾದೆಯಿಂದ ಕೇಳಿದ ಪ್ರಶ್ನೆ ಇದು: "ಯಜಮಾನ್ರೇ, ಮಳೆ ಬಂತು ಅಂತೀರಿ, ಒಪ್ಪೋಣ. ಎಷ್ಟು ಬಂತು?"

ಅಪ್ಪ ಸುಮ್ಮನೆ ನಿಂತರು. ಅರವತ್ತು ಮಳೆಗಾಲ ಕಂಡ ಮನುಷ್ಯ. ಮೃಗಶಿರ, ಆರಿದ್ರ, ಪುನರ್ವಸು ಅಂತ ನಕ್ಷತ್ರದ ಹೆಸರಲ್ಲಿ ಮಳೆಯನ್ನು ಗುರುತಿಸಬಲ್ಲರು. ಮಿಲಿಮೀಟರಿನಲ್ಲಿ ಹೇಳಲು ಬರೋದಿಲ್ಲ.

ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಅಲ್ಲಿಂದ ಈಚೆಗೆ ಹವಾಮಾನ ಬದಲಾವಣೆಯ ಕೇಸುಗಳು ಜಗತ್ತಿನಲ್ಲಿ ಎಲ್ಲೆಲ್ಲಿ ನಡೀತಿವೆ ಅಂತ ರಾತ್ರಿ ಊಟ ಆದ ಮೇಲೆ ಫೋನಿನಲ್ಲಿ ಓದೋದು ಒಂದು ಚಟ ಆಗಿದೆ. ಎಲ್ಲ ಕಡೆಯೂ ಇದೇ ಪ್ರಶ್ನೆ. ತೊಂದರೆ ಆಯಿತು ಅಂತೀರಿ, ಒಪ್ಪೋಣ. ಎಷ್ಟು? ಅದರಲ್ಲಿ ನನ್ನ ಪಾಲೆಷ್ಟು?

ಪೆರು ದೇಶದ ಒಬ್ಬ ರೈತರ ಕಥೆ ನನಗೆ ತುಂಬ ಹಿಡಿಸಿತು. ಸೌಲ್ ಲುಸಿಯಾನೋ ಲಿಯುಯಾ ಅಂತ. ಬೇಸಾಯದ ಜೊತೆಗೆ ಪರ್ವತ ಹತ್ತುವವರಿಗೆ ದಾರಿ ತೋರಿಸುವ ಕೆಲಸ. ಇರೋದು ಆಂಡಿಸ್ ಪರ್ವತದ ತಪ್ಪಲಿನ ಹುವಾರಾಸ್ ಪಟ್ಟಣದಲ್ಲಿ. ಮೇಲೆ ಪಾಲ್ಕಕೋಚಾ ಅನ್ನೋ ಸರೋವರ ಇದೆ. ಹಿಮನದಿ ಕರಗಿ ಕರಗಿ ಅದು ತುಂಬುತ್ತಿದೆ. 1941ರಲ್ಲಿ ಅದೇ ಸರೋವರ ಒಡೆದು ಕೆಳಗಿನ ಪಟ್ಟಣದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಮತ್ತೆ ಒಡೆದರೆ ತನ್ನ ಮನೆ ಹೋಗುತ್ತದೆ ಅಂತ ಈ ಮನುಷ್ಯ 2015ರಲ್ಲಿ ಕೇಸು ಹಾಕಿದ್ದು ಯಾರ ಮೇಲೆ ಗೊತ್ತಾ? ಸಾವಿರಾರು ಕಿಲೋಮೀಟರ್ ದೂರದ ಜರ್ಮನಿಯ ಆರ್‌ಡಬ್ಲ್ಯುಇ ಎಂಬ ವಿದ್ಯುತ್ ಕಂಪನಿಯ ಮೇಲೆ. ಆ ಕಂಪನಿ ಪೆರುವಿನಲ್ಲಿ ಒಂದು ಬಲ್ಬೂ ಉರಿಸಿದ್ದಲ್ಲ.

ವಾದ ಸರಳ. ಕೈಗಾರಿಕಾ ಯುಗ ಶುರುವಾದಾಗಿನಿಂದ ಜಗತ್ತಿನಲ್ಲಿ ಹೊರಬಿದ್ದ ಕೈಗಾರಿಕಾ ಇಂಗಾಲದಲ್ಲಿ ಈ ಕಂಪನಿಯ ಕಲ್ಲಿದ್ದಲ ಹೊಗೆಯ ಪಾಲು ಶೇ. 0.47. ಹಾಗಾದರೆ ಪ್ರವಾಹ ತಡೆಯುವ ಕಾಮಗಾರಿಯ ಖರ್ಚಿನಲ್ಲೂ ಶೇ. 0.47 ಕೊಡಿ. ಮೊತ್ತ ಸುಮಾರು 17 ಸಾವಿರ ಯೂರೋ. ಅಂಥ ದೊಡ್ಡ ಕಂಪನಿಗೆ ಅದು ಚಿಲ್ಲರೆ. ಆದರೂ ಹತ್ತು ವರ್ಷ ಅವರು ಹೋರಾಡಿದರು. ಯಾಕಂದರೆ ಈ ಚಿಲ್ಲರೆ ಕೊಟ್ಟರೆ ನಾಳೆ ಜಗತ್ತಿನ ಎಲ್ಲ ತಪ್ಪಲುಗಳಿಂದಲೂ ಬಿಲ್ಲು ಬರುತ್ತದೆ.

ಅಣ್ಣನಿಗೆ ಇದನ್ನು ಹೇಳಿದಾಗ ಅವನು ಕೇಳಿದ್ದು ಯಾವ ಕಾನೂನಿನಡಿ ಹಾಕಿದ್ದಾರೆ ಅಂತ. ಹುಡುಕಿದರೆ ಅದು ಪರಿಸರದ ಕಾನೂನೇ ಅಲ್ಲ. ಜರ್ಮನಿಯ ಸಿವಿಲ್ ಸಂಹಿತೆಯ ಹಳೆಯ ಕಲಂ ಒಂದು. ಒಬ್ಬರ ಆಸ್ತಿಗೆ ಇನ್ನೊಬ್ಬರಿಂದ ಆಗುವ ಉಪದ್ರವ ತಪ್ಪಿಸಲು ಇರುವಂಥದ್ದು. ಪಕ್ಕದ ಮನೆಯವರ ಮರ ನಮ್ಮ ಹೆಂಚಿನ ಮೇಲೆ ಬಾಗಿದೆ ಅನ್ನುವ ಜಾತಿಯ ಜಗಳಕ್ಕೆ ಬಳಸುವ ಕಾನೂನು. ಅಣ್ಣ ಜೋರಾಗಿ ನಕ್ಕ. "ನಮ್ಮೂರಿನ ಬೇಲಿ ಜಗಳಾನೇ ಅಲ್ವೇನೇ ಇದು, ಬೇಲಿ ಸ್ವಲ್ಪ ಉದ್ದ ಅಷ್ಟೇ" ಅಂದ.

2022ರಲ್ಲಿ ಜರ್ಮನಿಯ ನ್ಯಾಯಾಧೀಶರು ಪೆರುವಿಗೇ ಹೋಗಿ ಸರೋವರ ನೋಡಿಕೊಂಡು ಬಂದರು. ನಮ್ಮ ಭಾಷೆಯಲ್ಲಿ ಸ್ಥಳ ಮಹಜರು. 2025ರ ಮೇ 28ರಂದು ಹಾಮ್ ನಗರದ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ರೈತ ಸೋತರು. ಮುಂದಿನ ಮೂವತ್ತು ವರ್ಷದಲ್ಲಿ ಇವರ ಮನೆಗೆ ನೀರು ನುಗ್ಗುವ ಸಾಧ್ಯತೆ ಶೇ. 1ರ ಆಸುಪಾಸು, ಅಷ್ಟು ಸಾಲದು ಅಂತ ನ್ಯಾಯಾಲಯ ಹೇಳಿತು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ದೊಡ್ಡ ಪ್ರಮಾಣದಲ್ಲಿ ಹೊಗೆ ಬಿಡುವ ಕಂಪನಿಯನ್ನು ದೂರದ ದೇಶದ ಹಾನಿಗೂ ತಾತ್ವಿಕವಾಗಿ ಹೊಣೆ ಮಾಡಬಹುದು ಅಂತ. ದೂರ ಇದೆ ಅನ್ನೋದು ನೆಪ ಅಲ್ಲ. ಮುಂದಿನ ಸಲ ಶೇ. 1ರ ಜಾಗದಲ್ಲಿ ಬೇರೆ ಅಂಕಿ ಇರುವ ಯಾರಾದರೂ ಬರುತ್ತಾರೆ. ಕಂಪನಿಗಳ ವಕೀಲರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿರುತ್ತೆ.

ಇನ್ನು ನಮ್ಮದೇ ರಾಜ್ಯದ್ದು. ನಮ್ಮನೆಯ ಕೇಸು ಅತಿಮಳೆಯದ್ದಾದರೆ ಮರುವರ್ಷ ರಾಜ್ಯವೇ ಮಳೆಯಿಲ್ಲದ ಕೇಸು ಹಿಡಿದು ದೆಹಲಿಗೆ ಹೋಯಿತು. 2023ರ ಆಗಸ್ಟ್ ನೆನಪಿದೆಯಾ? ದೇಶದಲ್ಲಿ ದಾಖಲೆ ಶುರುವಾದ 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಕೇಂದ್ರದ ತಂಡ ಬಂದು ನೋಡಿಕೊಂಡು ಹೋಯಿತು, ಹಣ ಬರಲಿಲ್ಲ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ 18,171 ಕೋಟಿ ರೂಪಾಯಿ ಬರ ಪರಿಹಾರ ಬಿಡುಗಡೆ ಮಾಡಿಸಿ ಅಂತ ಕೇಳಿತು. ಪರಿಹಾರ ತಡೆಹಿಡಿಯೋದು ಜನರ ಮೂಲಭೂತ ಹಕ್ಕಿಗೆ ಧಕ್ಕೆ ಅಂತ ವಾದ. ಏಪ್ರಿಲ್ ಕೊನೆಗೆ ಸುಮಾರು 3,454 ಕೋಟಿ ಬಂತು. ಚುನಾವಣೆಯ ಹೊತ್ತು, ಹಾಗಾಗಿ ಟಿವಿಯಲ್ಲಿ ಎರಡೂ ಪಕ್ಷದವರ ಕೂಗಾಟವಷ್ಟೇ ಕೇಳಿಸಿತು. ಆದರೆ ಒಂದು ರಾಜ್ಯ ಬರದ ದುಡ್ಡಿಗಾಗಿ ಕೇಂದ್ರವನ್ನು ಕೋರ್ಟಿಗೆ ಎಳೆದದ್ದು ಸಣ್ಣ ಸಂಗತಿಯಲ್ಲ. ಅಲ್ಲೂ ಜಗಳ ಇದ್ದದ್ದು ಎಷ್ಟು ಅನ್ನೋದರ ಮೇಲೆ. ಎಷ್ಟು ಬೆಳೆ ಹೋಯಿತು, ಎಷ್ಟು ನಷ್ಟ, ಯಾರ ಲೆಕ್ಕ ಸರಿ.

ಕಾವೇರಿ ವಿಷಯ ಎತ್ತಿದರೆ ಈ ಬರಹ ಮುಗಿಯೋದಿಲ್ಲ, ಆದರೂ ಒಂದು ಅಂಕಿ ಹೇಳಲೇಬೇಕು. ನ್ಯಾಯಮಂಡಳಿ 2007ರಲ್ಲಿ ನೀರು ಹಂಚಿದ್ದು ಕಣಿವೆಯಲ್ಲಿ ವರ್ಷಕ್ಕೆ 740 ಟಿಎಂಸಿ ಸಿಗುತ್ತದೆ ಅನ್ನೋ ಲೆಕ್ಕದಲ್ಲಿ. ಅದು ಶೇ. 50ರ ಭರವಸೆಯ ಲೆಕ್ಕ. ಅಂದರೆ ಹಳೆಯ ದಾಖಲೆಗಳ ಪ್ರಕಾರ ಸರಿಸುಮಾರು ಎರಡು ವರ್ಷಕ್ಕೊಂದು ವರ್ಷ ಅಷ್ಟು ನೀರು ಬರುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟು ಪಾಲುಗಳನ್ನು ಸ್ವಲ್ಪ ಬದಲಿಸಿತೇ ಹೊರತು ಈ ಬುಡದ ಲೆಕ್ಕವನ್ನಲ್ಲ. ಮಳೆ ಕಡಿಮೆಯಾದ ವರ್ಷ ಕೊರತೆಯನ್ನೂ ಹಂಚಿಕೊಳ್ಳಬೇಕು ಅನ್ನೋದನ್ನು ಎಲ್ಲರೂ ಒಪ್ಪುತ್ತಾರೆ. ಹೇಗೆ ಅನ್ನೋದರಲ್ಲೇ 2023ರ ಬಂದ್‌ಗಳೆಲ್ಲ ನಡೆದದ್ದು. ಹಿಂದಿನ ಮಳೆಯ ದಾಖಲೆ ಇಟ್ಟುಕೊಂಡು ಬರೆದ ಒಪ್ಪಂದಕ್ಕೆ ಮುಂದಿನ ಮಳೆ ಸಹಿ ಹಾಕಿಲ್ಲವಲ್ಲ.

ಊರಿನದ್ದು ಬೇಡ, ನದಿಯದ್ದೂ ಬೇಡ ಅನ್ನುವ ಬೆಂಗಳೂರಿಗರಿಗೆ ನನ್ನ ಸಹೋದ್ಯೋಗಿಯ ಕಾರು ಇದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು ಕಡೆ ನೀರು ನುಗ್ಗಿತಲ್ಲ, ಆಗ ಅವನ ಕಾರು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿತ್ತು. ನೀರು ಇಳಿದ ಮೇಲೆ ಕೀ ತಿರುಗಿಸಿದ. ಎಂಜಿನ್ ಹೋಯಿತು. ವಿಮೆಯವರು ಹೇಳಿದ್ದು: ಎಂಜಿನ್ ಹಾಳಾದದ್ದು ಪ್ರವಾಹದಿಂದಲ್ಲ, ನೀವು ಕೀ ತಿರುಗಿಸಿದ್ದರಿಂದ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ತೆಗೆದುಕೊಂಡಿರದಿದ್ದರೆ ಸಾಮಾನ್ಯವಾಗಿ ಇದೇ ಉತ್ತರ ಬರೋದು. ಹಾಗಾಗಿ ನೀರಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಬೇಡಿ. ಫೋಟೋ ತೆಗೆದು, ಕಂಪನಿಗೆ ತಿಳಿಸಿ, ಟೋ ಮಾಡಿಸಿ. ಅವನ ಪ್ರಕರಣದಲ್ಲೂ ಕೊನೆಗೆ ಉಳಿದದ್ದು ಅದೇ ಪ್ರಶ್ನೆ. ಹಾನಿಯಲ್ಲಿ ಮಳೆಯ ಪಾಲೆಷ್ಟು, ಮನುಷ್ಯನ ಪಾಲೆಷ್ಟು?

ಇಷ್ಟರ ಮಧ್ಯೆ 2024ರ ಮಾರ್ಚ್ 21ರಂದು ನಮ್ಮ ಸುಪ್ರೀಂ ಕೋರ್ಟು ದೊಡ್ಡ ಮಾತೊಂದನ್ನು ಹೇಳಿತು. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ಮುಕ್ತವಾಗಿರೋದು ಪ್ರಜೆಗಳ ಹಕ್ಕು, ಅದು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲೇ ಅಡಗಿದೆ ಅಂತ. ಎಂ.ಕೆ. ರಂಜಿತ್‌ಸಿನ್ಹ್ ಅವರು ಹಾಕಿದ್ದ ಕೇಸು ಅದು. ತಮಾಷೆ ಏನೆಂದರೆ, ಈ ಹಕ್ಕು ಹುಟ್ಟಿದ್ದು ಒಂದು ಹಕ್ಕಿಯ ಕೇಸಿನಲ್ಲಿ, ಅದೂ ಹಕ್ಕಿಗೆ ಅಷ್ಟೇನೂ ಅನುಕೂಲವಲ್ಲದ ತೀರ್ಪಿನಲ್ಲಿ. ರಾಜಸ್ಥಾನ, ಗುಜರಾತಿನಲ್ಲಿ ಉಳಿದಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗಳು ವಿದ್ಯುತ್ ತಂತಿಗೆ ಬಡಿದು ಸಾಯುತ್ತವೆ. ತಂತಿಗಳನ್ನು ನೆಲದಡಿಗೆ ಹಾಕಿ ಅಂತ 2021ರಲ್ಲಿ ಇದೇ ಕೋರ್ಟು ಹೇಳಿತ್ತು. ಹಾಗೆ ಮಾಡಿದರೆ ಅಲ್ಲಿನ ಸೌರ ವಿದ್ಯುತ್ತಿಗೆ ತೊಡಕು, ಸೌರ ವಿದ್ಯುತ್ ಇಲ್ಲದೆ ಹವಾಮಾನ ಬದಲಾವಣೆಯನ್ನು ಎದುರಿಸೋದು ಕಷ್ಟ ಅಂತ ಸರ್ಕಾರ ವಾದಿಸಿತು. 2024ರಲ್ಲಿ ಆ ಆದೇಶ ಸಡಿಲವಾಗಿ, ವಿಷಯ ತಜ್ಞರ ಸಮಿತಿಗೆ ಹೋಯಿತು. ಪರಿಸರ ಉಳಿಸುವವರೇ ಎರಡೂ ಕಡೆ ನಿಂತ ಜಗಳ. ನಮ್ಮ ಜಿಲ್ಲೆಯವರಿಗೆ ಇದು ಬೇಗ ಅರ್ಥವಾಗುತ್ತೆ. ಶರಾವತಿ ಕಣಿವೆಯ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯದ್ದೂ ಇದೇ ಕಥೆ. ಸೌರ, ಪವನ ವಿದ್ಯುತ್ತನ್ನು ಕೂಡಿಡಲು ಬೇಕು ಅಂತ ಒಂದು ಕಡೆ, ಸಿಂಗಳೀಕಗಳ ಕಾಡು ಕಡಿಯಬೇಡಿ ಅಂತ ಇನ್ನೊಂದು ಕಡೆ. ನನ್ನ ಮಟ್ಟಿಗೆ ಹೇಳೋದಾದರೆ ನಾನು ಸಿಂಗಳೀಕದ ಪಕ್ಷ. ಆದರೆ ನನ್ನ ಫೋನ್ ಚಾರ್ಜ್ ಆಗೋದು ಯಾವ ಕರೆಂಟಿನಿಂದ ಅಂತ ಯಾರಾದರೂ ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಿರಬೇಕಾಗುತ್ತೆ.

ಆ ಹೊಸ ಹಕ್ಕಿನ ಸುದ್ದಿಯನ್ನು ಅಪ್ಪನಿಗೆ ಉತ್ಸಾಹದಿಂದ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಹಂಗಾರೆ ಆ ಒಂಬತ್ತು ಸೊನ್ನೆ ಹೋಗ್ತವಾ?" ಅಂದರು.

ಹೋಗೋದಿಲ್ಲ. ಹಕ್ಕು ಇದೆ ಅಂತ ಹೇಳಿದ ತೀರ್ಪು, ಅದನ್ನು ಜಾರಿ ಮಾಡೋದು ಹೇಗೆ ಅಂತ ಹೇಳಿಲ್ಲ. ಅದಕ್ಕೊಂದು ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಅಲ್ಲಿಯವರೆಗೆ ನಾವೆಲ್ಲ ಹಳೆಯ ಕಾನೂನುಗಳನ್ನೇ ಎಳೆದಾಡಿಕೊಂಡು ಹೊದೆಯಬೇಕು. ಗ್ರಾಹಕರ ಕಾನೂನು, ವಿಮೆಯ ಷರತ್ತು, ಬೇಲಿ ಜಗಳದ ಕಲಂ.

ಈಗ ಅಣ್ಣನ ಕೈಗೆ ಬಂದಿರೋ ಇನ್ನೊಂದು ಕೇಸಿನ ವಿಷಯ ಹೇಳಬೇಕು. ಇದೂ ನಮ್ಮೂರಿನದ್ದೇ, ಅದೇ 2022ರ ಜುಲೈನದ್ದೇ. ಗುಡ್ಡದ ಮೇಲೆ ಒಬ್ಬರು ಹೋಮ್‌ಸ್ಟೇ ಕಟ್ಟಲು ಜೆಸಿಬಿ ತಂದು ದರೆ ಕಡಿಸಿದ್ದರು. ಆ ಮಳೆಯಲ್ಲಿ ದರೆ ಜರಿದು ಕೆಳಗಿನ ಮನೆಯವರ ಕೊಟ್ಟಿಗೆ, ನಲವತ್ತು ಫಸಲು ಕೊಡುವ ಅಡಿಕೆ ಮರ ಮಣ್ಣಿನಡಿ ಹೋದವು. ದನಗಳು ಹೊರಗಿದ್ದವು, ಪುಣ್ಯ. ಕೆಳಗಿನವರು ಪರಿಹಾರ ಕೇಳಿ ದಾವೆ ಹಾಕಿದ್ದಾರೆ. ಮೇಲಿನವರ ಉತ್ತರ: ಅಂಥ ಮಳೆ ಯಾವತ್ತೂ ಬಂದದ್ದಿಲ್ಲ, ಅದು ದೈವಕೃತ, ನಾನೇನು ಮಾಡಲಿ?

ಕಾನೂನಿನಲ್ಲಿ ಈ ದೈವಕೃತ ಅನ್ನೋದಕ್ಕೆ ನಿಜವಾಗಿಯೂ ಜಾಗ ಇದೆ. ಯಾರೂ ಊಹಿಸಲಾಗದ, ಯಾರೂ ತಡೆಯಲಾಗದ ಪ್ರಕೃತಿ ವಿಕೋಪಕ್ಕೆ ಮನುಷ್ಯ ಹೊಣೆಯಲ್ಲ. ಆದರೆ ಆ ಜಾಗ ದಿನೇ ದಿನೇ ಚಿಕ್ಕದಾಗುತ್ತಿದೆ. 2013ರ ಜೂನ್‌ನಲ್ಲಿ ಉತ್ತರಾಖಂಡದಲ್ಲಿ ಪ್ರವಾಹ ಬಂದಾಗ ಶ್ರೀನಗರ ಪಟ್ಟಣದ ಮನೆಗಳೊಳಗೆ ಹೂಳು ತುಂಬಿತು. ಅಲ್ಲಿನ ಜಲವಿದ್ಯುತ್ ಯೋಜನೆಯವರು ನದಿ ದಡದಲ್ಲಿ ಸುರಿದಿದ್ದ ಮಣ್ಣು ಕೊಚ್ಚಿಕೊಂಡು ಬಂದಿತ್ತು. ಕಂಪನಿ ದೈವಕೃತ ಅಂತಲೇ ವಾದಿಸಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಅದನ್ನು ಒಪ್ಪದೆ, ಊರಿನವರಿಗೆ ಸುಮಾರು 9.26 ಕೋಟಿ ರೂಪಾಯಿ ಕೊಡಿ ಅಂತ ಆದೇಶಿಸಿತು. ಮಳೆ ದೇವರದ್ದಿರಬಹುದು, ಮಣ್ಣು ಸುರಿದದ್ದು ದೇವರಲ್ಲ.

ಅಣ್ಣ ಕೆಳಗಿನ ಮನೆಯವರ ವಕೀಲ. ಅವನ ವಾದ ಇದೇ ಜಾಡಿನದ್ದು. ಮಲೆನಾಡಿನಲ್ಲಿ ಈಗ ವರ್ಷ ಬಿಟ್ಟು ವರ್ಷ ರೆಡ್ ಅಲರ್ಟ್ ಬರುತ್ತದೆ. 2018ರಲ್ಲಿ ಕೊಡಗಿನಲ್ಲಿ ಆದದ್ದನ್ನು ಎಲ್ಲರೂ ನೋಡಿದ್ದಾರೆ. ಜೋರು ಮಳೆ ಬರುತ್ತೆ, ಕಡಿದ ದರೆ ಜರಿಯುತ್ತೆ ಅಂತ ಊಹಿಸೋದು ಕಷ್ಟವಲ್ಲ. ಹಾಗಾಗಿ ಇದು ದೈವಕೃತವಲ್ಲ, ಜೆಸಿಬಿಕೃತ.

ತೊಡಕು ಬಂದದ್ದು ಆಮೇಲೆ. ಹೋಮ್‌ಸ್ಟೇಯವರ ಕಡೆಯವರು ಪಂಚಾಯಿತಿಯ ಮಾಪಕದ ಅಂಕಿ ತರಿಸಿ ನೋಡಿದರೆ ದರೆ ಜರಿದ ದಿನ ಮಳೆ ಸೊನ್ನೆ! ಆ ಕಾಗದ ಕೋರ್ಟಿಗೆ ಹೋದರೆ ಅವರಿಗೇ ಏಟು. ಅಂಥ ಮಳೆಯೇ ಬರಲಿಲ್ಲ ಅಂದ ಮೇಲೆ ದೈವಕೃತ ಎಲ್ಲಿಂದ ಬಂತು? ಅವರಿಗೆ ಈಗ ಬೇಕಾಗಿರೋದು ಆ ಯಂತ್ರ ಕೆಟ್ಟಿತ್ತು, ಭಯಂಕರ ಮಳೆ ಬಂದಿತ್ತು ಅನ್ನೋದಕ್ಕೆ ಪುರಾವೆ. ಅಂದರೆ ನಮ್ಮ ಕಡತ. ರಜೆಯ ಆದೇಶ, ಹಾಜರಿ ಪುಸ್ತಕ, ಮೈಲುತುತ್ತದ ಬಿಲ್ಲು, ಕರೆಂಟ್ ಕಂಬ, ವಿಡಿಯೋ.

ಅಣ್ಣನ ಸ್ಥಿತಿ ನೋಡಬೇಕು. ಶಿವಮೊಗ್ಗದಲ್ಲಿ ಅಪ್ಪನ ಪರವಾಗಿ ನಿಂತು ಅಸಾಧಾರಣ ಮಳೆ ಬಂತು ಅನ್ನಬೇಕು. ತೀರ್ಥಹಳ್ಳಿಯಲ್ಲಿ ಕೆಳಗಿನ ಮನೆಯವರ ಪರವಾಗಿ ನಿಂತು, ಬಂತು ಸರಿ, ಆದರೆ ಅಸಾಧಾರಣವೇನಲ್ಲ ಅನ್ನಬೇಕು. ಒಂದೇ ಮಳೆ. ಕಾನೂನಿನಲ್ಲಿ ಎರಡಕ್ಕೂ ವಿರೋಧ ಇಲ್ಲ, ವಿಮೆಯ ಪಟ್ಟಿಗೆ ಬೇಕಾದ್ದು ಮಿಲಿಮೀಟರ್ ಮಾತ್ರ, ದಾವೆಗೆ ಬೇಕಾದ್ದು ಮುನ್ನೆಚ್ಚರಿಕೆಯ ಪ್ರಶ್ನೆ, ಎರಡೂ ಬೇರೆ ಅಂತ ಅವನು ನನಗೆ ಅರ್ಧ ಗಂಟೆ ವಿವರಿಸಿದ. ನನಗೆ ಅರ್ಥವಾಯಿತು. ನ್ಯಾಯಾಧೀಶರಿಗೂ ಆಗಬಹುದು. ಊರಿನವರಿಗೆ ಆಗೋದು ಅನುಮಾನ.

ಹೋದ ತಿಂಗಳು ಹೋಮ್‌ಸ್ಟೇಯವರು ಒಂದು ಸಂಜೆ ಮನೆಗೇ ಬಂದರು. ಅಪ್ಪನ ಜೊತೆ ಪ್ರೈಮರಿ ಶಾಲೆಗೆ ಹೋದವರು. ಕಾಫಿ ಕುಡಿದು, ಅಡಿಕೆ ರೇಟಿನ ಮಾತಾಡಿ, ಎಲೆಚುಕ್ಕಿ ರೋಗದ ಮಾತಾಡಿ, ಕೊನೆಗೆ ಕೇಳಿದರು: "ಆ ಕಾಗದಗಳದ್ದು ಒಂದು ಜೆರಾಕ್ಸ್ ಸಿಗಬೋದನಾ?"

ಕೆಳಗಿನ ಮನೆಯವರು ನಮಗೆ ನೆಂಟರು. ಆದರೆ ಕಾಗದ ಸುಳ್ಳಲ್ಲ, ಮಳೆ ಬಂದದ್ದೂ ಸುಳ್ಳಲ್ಲ. ಅಪ್ಪ ಅವತ್ತು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ನೋಡನ ಅಂದರು. ರಾತ್ರಿ ಅಣ್ಣನಿಗೆ ಫೋನ್ ಮಾಡಿ ಕೇಳಿದರು.

"ಆರ್‌ಟಿಐ ಹಾಕಿದ್ರೆ ಹತ್ತು ರೂಪಾಯಿಗೆ ಅವ್ರಿಗೂ ಸಿಗುತ್ತೆ ಚಿಕ್ಕಪ್ಪ, ನೀವು ಕೊಡದಿದ್ರೂ" ಅಂದ ಅಣ್ಣ.

"ಸಿಗ್ತದೆ ಅಂತ ನಂಗೂ ಗೊತ್ತುಂಟು ಮಾರಾಯ. ನಾನು ಕೊಡ್ಬೇಕಾ ಬೇಡ್ವಾ, ಅದು ಹೇಳು."

ಅಣ್ಣ ಇನ್ನೂ ಹೇಳಿಲ್ಲ. ನಮ್ಮ ಕೇಸಿಗೆ ಮುಂದಿನ ತಿಂಗಳ ತಾರೀಕು ಸಿಕ್ಕಿದೆ.